ಸಭೆಯ ಸರದಿ, ಬೀದಿಯ ನೆರಳು

ಮರ ನೆಡುವುದನ್ನು ಆರಾಧನೆಯ ಭಾಗವಾಗಿಸಿಕೊಂಡ ಕ್ರೈಸ್ತ ಸಭೆಗಳು ಜಗತ್ತಿನ ಹಲವೆಡೆ ಇವೆ. ಜಿಂಬಾಬ್ವೆಯ ಮಸ್ವಿಂಗೊ ಪ್ರಾಂತ್ಯದಲ್ಲಿ 1991ರಲ್ಲಿ ಅಲ್ಲಿನ ಸ್ವತಂತ್ರ ಚರ್ಚುಗಳು ಸೇರಿ ಇದಕ್ಕೆಂದೇ ಒಂದು ಒಕ್ಕೂಟ ಕಟ್ಟಿಕೊಂಡವು. ಅಲ್ಲಿ ಭಕ್ತರು ಸಸಿಯನ್ನು ಕೈಯಲ್ಲಿ ಹಿಡಿದೇ ಪ್ರಭುಭೋಜನ ಸ್ವೀಕರಿಸುತ್ತಿದ್ದರು. ಕಾಡು ಕಡಿದ ತಪ್ಪನ್ನು ಪಾಪವೆಂದು ಒಪ್ಪಿಕೊಂಡು, ಬಳಿಕ ಬರಡು ನೆಲದಲ್ಲಿ ಗಿಡ ನೆಡುತ್ತಿದ್ದರು. ಕ್ಯಾಥೋಲಿಕರಲ್ಲಿ ಈ ಕೆಲಸಕ್ಕೆ ಬಲ ಬಂದದ್ದು 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಹೊರಡಿಸಿದ ‘ಲೌದಾತೊ ಸಿ’ ಪತ್ರದಿಂದ. ನೆಲದ ನೋವನ್ನೂ ಬಡವರ ನೋವನ್ನೂ ಬೇರೆ ಬೇರೆಯಾಗಿ ನೋಡಬಾರದು ಎಂಬುದು ಆ ಪತ್ರದ ತಿರುಳು.

ನಗರಗಳಲ್ಲಿ ನೆರಳು ಎಲ್ಲರ ಪಾಲಿಗೂ ಒಂದೇ ಅಳತೆಯಲ್ಲಿ ಸಿಗುವುದಿಲ್ಲ. ಅಮೆರಿಕದ 108 ನಗರಗಳ ಬಗ್ಗೆ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಅಳೆದು ತೋರಿಸಿತು. 1930ರ ದಶಕದಲ್ಲಿ ಮನೆ ಸಾಲಕ್ಕೆ ಯೋಗ್ಯವಲ್ಲವೆಂದು ನಕ್ಷೆಯಲ್ಲಿ ಕೆಂಪು ಬಣ್ಣ ಬಳಿದಿದ್ದ ಬಡಾವಣೆಗಳು ಇಂದಿಗೂ ಉಳಿದವುಗಳಿಗಿಂತ ಸರಾಸರಿ 2.6 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗಿವೆ. ಅಲ್ಲಿ ಮರ ಕಡಿಮೆ, ಡಾಂಬರು ಕಾಂಕ್ರೀಟು ಹೆಚ್ಚು.

ಬಿಸಿಲಿನ ಈ ತಾರತಮ್ಯ ಕಲಬುರಗಿಯಲ್ಲೂ ಇದೆ. ಇಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ವಾಡಿಕೆ. ಆ ಎರಡು ತಿಂಗಳು ಈ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಗಾರೆ ಕೆಲಸದವರಿಗೆ, ತಳ್ಳುಗಾಡಿ ವ್ಯಾಪಾರಿಗಳಿಗೆ, ತಗಡಿನ ಚಾವಣಿಯ ಕೆಳಗಿರುವ ಬಾಣಂತಿ ಮತ್ತು ಕೂಸಿಗೆ ಆ ಅನುಕೂಲವಿಲ್ಲ. ಮರದ ನೆರಳು ಬಿದ್ದ ನೆಲ ಬಟಾಬಯಲಿನ ನೆಲಕ್ಕಿಂತ ಹತ್ತು ಡಿಗ್ರಿಗೂ ಹೆಚ್ಚು ತಂಪಾಗಿರಬಲ್ಲದು. ಎಲೆಗಳಿಂದ ಆವಿಯಾಗುವ ನೀರು ಸುತ್ತಲ ಗಾಳಿಯ ಶಾಖವನ್ನೂ ಹೀರುತ್ತದೆ. ಫ್ಯಾನ್ ತಿರುಗಿಸಲು ಕರೆಂಟಿಲ್ಲದ ಹೊತ್ತಿನಲ್ಲಿ ಬಡವರ ಮನೆಗೆ ಇದಕ್ಕಿಂತ ದೊಡ್ಡ ಆಸರೆ ಇಲ್ಲ.

ಈ ಭಾಗದಲ್ಲಿ ಮೆಥೋಡಿಸ್ಟ್ ಸಭೆಗಳು ನಿಜಾಮರ ಕಾಲದಿಂದಲೂ ಇವೆ. ಕ್ಯಾಥೋಲಿಕರ ಕಲಬುರಗಿ ಧರ್ಮಕ್ಷೇತ್ರ 2005ರಲ್ಲಿ ರಚನೆಯಾಯಿತು. ಇಂಥ ಸಭೆಗಳು ಗಿಡ ಬೆಳೆಸಲು ಹೇಳಿಮಾಡಿಸಿದಂತಿರುವುದಕ್ಕೆ ಮುಖ್ಯ ಕಾರಣ, ಅವು ತಪ್ಪದೆ ವಾರಕ್ಕೊಮ್ಮೆ ಸೇರುತ್ತವೆ ಎಂಬುದು. ವನಮಹೋತ್ಸವದ ದಿನ ಗಿಡ ನೆಡುವ ಕೈಗಳಿಗೆ ಎಲ್ಲೂ ಬರವಿಲ್ಲ. ನಂತರದ ಮೂರು ಬೇಸಿಗೆ ನೀರು ಹೊರುವ ಕೈಗಳದೇ ಬರ. ಭಾನುವಾರದ ಆರಾಧನೆಯ ಜೊತೆಗೆ ವಾರದ ನಡುವೆ ಓಣಿಯ ಮನೆಗಳಲ್ಲಿ ನಡೆಯುವ ಕುಟುಂಬ ಪ್ರಾರ್ಥನೆಯ ದಿನವೂ ನೀರಿನ ಸರದಿಗೆ ಒದಗುತ್ತದೆ. ಒಂದು ಸಸಿಗೆ ಪ್ರತಿಸಲ 15 ಲೀಟರಿನಂತೆ ವಾರಕ್ಕೆರಡು ಸಲ ಉಣಿಸಿದರೆ, 50 ಸಸಿಗಳಿಗೆ ಬೇಕಾದದ್ದು 1,500 ಲೀಟರ್. ಕುಡಿಯುವ ನೀರಿಗೇ ಕೊಡ ಹಿಡಿದು ಕಾಯುವ ಓಣಿಯಲ್ಲಿ ಅಷ್ಟನ್ನು ನಲ್ಲಿಯಿಂದ ಕೇಳುವುದು ನ್ಯಾಯವಲ್ಲ. ಬಟ್ಟೆ ಜಾಲಿಸಿದ ನೀರು, ತರಕಾರಿ ತೊಳೆದ ನೀರು, ಬುಡದಲ್ಲಿ ಹೂತ ಮಡಕೆಯಿಂದ ನಿಧಾನವಾಗಿ ಜಿನುಗುವ ನೀರು ಇವುಗಳಿಂದಲೇ ಬಹುಪಾಲು ಸಾಗಬೇಕು.

ಕ್ರೈಸ್ತರ ಪಂಚಾಂಗವೂ ಇಲ್ಲಿಯ ಹವೆಗೆ ಚೆನ್ನಾಗಿ ಹೊಂದುತ್ತದೆ. ಸೃಷ್ಟಿಗಾಗಿ ಪ್ರಾರ್ಥಿಸುವ ಕಾಲವೆಂದು ಹಲವು ಚರ್ಚುಗಳು ಆಚರಿಸುವುದು ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗೆ. ಕಲಬುರಗಿಯಲ್ಲಿ ಸೆಪ್ಟೆಂಬರ್ ಒಳ್ಳೆಯ ಮಳೆಯ ತಿಂಗಳು. ಜೂನ್ 5ರ ಪರಿಸರ ದಿನದಂದು ನೆಟ್ಟ ಸಸಿಗಳು ಹಲವು ಸಲ ನೆಲ ಇನ್ನೂ ಕಾದಿರುವಾಗಲೇ ಗುಂಡಿಗಿಳಿಯುತ್ತವೆ. ಮಿರಗದ ಮಳೆ ನೆಲವನ್ನು ಚೆನ್ನಾಗಿ ತೋಯಿಸಿದ ಮೇಲೆ ನೆಟ್ಟು, ಒಣಗಿದ್ದನ್ನು ಸೆಪ್ಟೆಂಬರಿನಲ್ಲಿ ಮರು ನಾಟಿ ಮಾಡುವುದು ಲೇಸು. ಇನ್ನು ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲ ಬರುವುದು ಫೆಬ್ರವರಿಯಿಂದ ಏಪ್ರಿಲ್ ನಡುವೆ, ಎಳೆ ಗಿಡಗಳ ಬೇರು ಬಾಡತೊಡಗುವ ಹೊತ್ತಿಗೆ. ಉಪವಾಸ, ದಾನಗಳ ಆ ನಲವತ್ತು ದಿನಗಳಿಗೆ ಗಿಡಕ್ಕೆ ನೀರೆರೆಯುವ ವ್ರತ ಸಹಜವಾಗಿಯೇ ಸೇರಿಕೊಳ್ಳಬಲ್ಲದು.

ಕಲಬುರಗಿಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಬಿರುಕು ಬಿಟ್ಟಾಗ ಎಳೆ ಬೇರು ಹರಿಯುತ್ತದೆ. ಮಳೆ ನೀರು ಗುಂಡಿಯಲ್ಲಿ ನಿಂತಾಗ ಬೇರು ಕೊಳೆಯುತ್ತದೆ. ಎರಡು ಅಡಿ ಉದ್ದಗಲ ಆಳದ ಗುಂಡಿ ತೋಡಿ, ಕೊಟ್ಟಿಗೆ ಗೊಬ್ಬರದೊಂದಿಗೆ ಮುರಂ ಬೆರೆಸಿ ತುಂಬುವುದು, ಬುಡಕ್ಕೆ ಒಣ ಎಲೆ ಹೊದಿಸುವುದು ಅದಕ್ಕಾಗಿ. ಬೇವು, ಹೊಂಗೆ, ನೇರಳೆ, ಹುಣಸೆ ಈ ಬಿಸಿಲನ್ನು ಬಲ್ಲ ಮರಗಳು. ವಿದ್ಯುತ್ ತಂತಿಯ ಕೆಳಗೆ ಕಕ್ಕೆಯಂಥ ಸಣ್ಣ ಮರವೇ ಸರಿ. ಇಲ್ಲವಾದರೆ ಬೆಳೆದ ಕೊಂಬೆಗಳಿಗೆ ವರ್ಷ ವರ್ಷವೂ ಕೊಡಲಿ ಬೀಳುತ್ತದೆ. ಬೇಗ ಹಸಿರಾಗುತ್ತದೆಂದು ರಸ್ತೆಗಳಲ್ಲಿ ನೆಡುವ ಕೋನೊಕಾರ್ಪಸ್ ಗಿಡವನ್ನು ಗುಜರಾತ್ ಸರ್ಕಾರ 2023ರಲ್ಲಿ ನಿಷೇಧಿಸಿದೆ. ಅದನ್ನು ಮನೆಗಳ ಬಳಿ ತರದಿರುವುದೇ ಒಳ್ಳೆಯದು.

ಜಾಗದ ಒಪ್ಪಿಗೆ ಮಹಾನಗರ ಪಾಲಿಕೆಯದಾದರೆ, ಮರದ ಒಪ್ಪಿಗೆ ಅದು ಯಾರ ಬಾಗಿಲ ಮುಂದೆ ಬೆಳೆಯುವುದೋ ಆ ಮನೆಯವರದು. ಹಿಂದೂ, ಮುಸ್ಲಿಂ, ಕ್ರೈಸ್ತ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವ ಓಣಿಯಲ್ಲಿ ಶಿಲುಬೆಯ ಗುರುತೋ ದಾನಿಗಳ ಹೆಸರೋ ಇರುವ ಫಲಕ ಹಾಕಿದರೆ ಅದು ಚರ್ಚಿನ ಮರವಾಗಿ ಉಳಿಯುತ್ತದೆ, ಓಣಿಯ ಮರವಾಗುವುದಿಲ್ಲ. ಯಾವ ಗಿಡ, ಎಲ್ಲಿ ಎಂಬುದನ್ನು ಮನೆಯ ಹೆಣ್ಣುಮಕ್ಕಳನ್ನು ಕೇಳಿ ತೀರ್ಮಾನಿಸಬೇಕು. ಸರದಿ ತಪ್ಪಿದ ದಿನ ನೀರು ಹಾಕುವವರು ಅವರೇ.

ಹುಮನಾಬಾದ್ ರಸ್ತೆಯಲ್ಲಿರುವ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಜಾಗಕ್ಕೆ ಕಲಬುರಗಿಯಷ್ಟು ಇಕ್ಕಟ್ಟಿಲ್ಲ, ಆದರೆ ಆಡು ದನಗಳ ಕಾಟ ಹೆಚ್ಚು. ಹಿಂಗಾರಿ ಸುಗ್ಗಿ ಮುಗಿದ ಮೇಲೆ ಈ ಜಿಲ್ಲೆಯ ಕೂಲಿ ಕುಟುಂಬಗಳು ಮುಂಬೈ, ಹೈದರಾಬಾದ್, ಬೆಂಗಳೂರುಗಳಿಗೆ ಗುಳೆ ಹೋಗುತ್ತವೆ. ಗಿಡಕ್ಕೆ ನೀರು ಬೇಕಾದ ತಿಂಗಳುಗಳಲ್ಲೇ ಓಣಿ ಖಾಲಿಯಾದರೆ ಸರದಿಯೂ ಮುರಿಯುತ್ತದೆ. ಆದ್ದರಿಂದ ಇಂಥ ಊರಿನಲ್ಲಿ ರಸ್ತೆ ಬದಿಗಿಂತ ಹಿತ್ತಲಿಗೆ ಆದ್ಯತೆ ಕೊಡಬೇಕು. ಬಚ್ಚಲ ನೀರು ಹರಿಯುವ ಕಡೆ ನುಗ್ಗೆ, ಪೇರಲ, ಬಾಳೆ. ತುಸು ದೂರದಲ್ಲಿ ಬೇವು. ಊರಲ್ಲೇ ಉಳಿಯುವ ಹಿರಿಯರ ಕೈಗೆ ಎಟುಕುವಷ್ಟು ಗಿಡಗಳನ್ನೇ ನೆಟ್ಟು, ಸುತ್ತ ಜಾಲಿಮುಳ್ಳಿನ ಬೇಲಿ ಕಟ್ಟಿದರೆ ಸಾಕು. ಮೂರನೆಯ ಮಳೆಗಾಲದ ಹೊತ್ತಿಗೆ ಕಾಂಡ ಗಟ್ಟಿಯಾಗಿ, ಗಿಡದ ತುದಿ ಆಡಿನ ಬಾಯಿಗೆ ಸಿಗದಷ್ಟು ಮೇಲೇರಿದಾಗ ಆ ಬೇಲಿಯನ್ನು ಬಿಚ್ಚಿ ಮುಂದಿನ ಸಸಿಗೆ ಬಳಸಬಹುದು.