ಮಾತ್ರೆ ನುಂಗಿದ್ದಾಯ್ತು, ಊಟ ಎಲ್ಲಿ?

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೂತಿದ್ದೀರಿ ಅಂದ್ಕೋತೀನಿ. ಇವತ್ತಿನ ವಿಷಯ ಲೋ ಶುಗರ್.

ತಿಂಡಿ ಬಿಟ್ಟು ಎರಡು ಕಾಫಿ ಕುಡಿದು, 11 ಗಂಟೆಗೆ ‘ಶುಗರ್ ಲೋ ಆಗಿದೆ ಮಗಾ’ ಅಂತೀವಲ್ಲ, ಅದು ಬಹುತೇಕ ಸಲ ಬರೀ ಹಸಿವು. ಆರೋಗ್ಯವಂತರ ಲಿವರ್ ತಾನು ಕೂಡಿಟ್ಟ ಗ್ಲೂಕೋಸನ್ನು ರಕ್ತಕ್ಕೆ ಬಿಟ್ಟು ಸಂಭಾಳಿಸುತ್ತೆ. ಪದೇ ಪದೇ ಹಾಗಾಗ್ತಿದ್ರೆ ಡಾಕ್ಟರಿಗೆ ತೋರಿಸಿ, ಅಷ್ಟೇ.

ನಾನು ಹೇಳೋಕೆ ಹೊರಟಿರೋದು ನಿಮ್ಮ ಅಪ್ಪ, ಅಮ್ಮ, ಅಜ್ಜಿ ಬಗ್ಗೆ. ಡಯಾಬಿಟಿಸ್‌ಗೆ ಇನ್ಸುಲಿನ್ ಚುಚ್ಚಿಕೊಳ್ಳೋರು, ಗ್ಲಿಮೆಪಿರೈಡ್ ಥರದ ಮಾತ್ರೆ ನುಂಗೋರು. ಈ ಮಾತ್ರೆ ಊಟ ಆಯ್ತಾ ಇಲ್ವಾ ಅಂತ ಕಾಯಲ್ಲ, ಇನ್ಸುಲಿನ್ ಬಿಡಿಸ್ತಾನೇ ಇರುತ್ತೆ. ಮದುವೆ ಮನೇಲಿ ನೋಡಿ. ಬೆಳಗ್ಗೆ 8ಕ್ಕೆ ಮಾತ್ರೆ, ಆಮೇಲೆ ಓಡಾಟ, ಪಂಕ್ತಿ ಸಿಗೋದು ಎರಡೂವರೆಗೆ. ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸದಲ್ಲೂ ಇದೇ ಕತೆ. ಉಪವಾಸ ಬಿಡಿ ಅಂತ ಅಜ್ಜಿಗೆ ಹೇಳೋ ಧೈರ್ಯ ನನಗಂತೂ ಇಲ್ಲ! ಆದ್ರೆ ಆ ದಿನದ ಡೋಸ್ ಎಷ್ಟು ಅಂತ ಮೊದಲೇ ಡಾಕ್ಟರನ್ನು ಕೇಳಬಹುದಲ್ವಾ?

ಬೆವರು, ಕೈ ನಡುಕ, ಎದೆ ಢವಢವ, ಕಣ್ಣು ಮಂಜು. ಕೆಲವರಿಗೆ ಕಾರಣವಿಲ್ಲದ ಸಿಟ್ಟು. ಅಪ್ಪ ಸುಮ್‌ಸುಮ್ನೆ ರೇಗಿದ್ರೆ ವಾದಕ್ಕಿಳಿಯೋ ಮೊದಲು ಮೀಟರ್ ನೋಡಿ. 70ಕ್ಕಿಂತ ಕೆಳಗಿದ್ರೆ 15 ಗ್ರಾಂ ಸಕ್ಕರೆ, ಅಂದ್ರೆ ಸುಮಾರು ಮೂರು ಟೀ ಚಮಚ, ನೀರಲ್ಲಿ ಕರಗಿಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ. ಏರದಿದ್ರೆ ಇನ್ನೊಂದು ಸಲ. ಮೈಸೂರು ಪಾಕ್, ಚಾಕೊಲೇಟ್ ಕೊಡಬೇಡಿ. ತುಪ್ಪ, ಕೊಬ್ಬು ಇದ್ರೆ ಸಕ್ಕರೆ ರಕ್ತ ಸೇರೋದು ನಿಧಾನ.

ಇಲ್ಲೊಂದು ಸಣ್ಣ ವಿಷಯ, ತುಂಬಾ ಮುಖ್ಯ. ಮಾತ್ರೆಯ ಸ್ಟ್ರಿಪ್ ತಿರುಗಿಸಿ ಓದಿ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಅಂತ ಇದ್ಯಾ? ಗ್ಲಿಮೆಪಿರೈಡ್ ಜೊತೆ ಒಂದೇ ಮಾತ್ರೇಲಿ ಸೇರಿಸಿರೋದೂ ಉಂಟು. ಇವು ಸಕ್ಕರೆ ಕರುಳಲ್ಲಿ ಒಡೆಯೋದನ್ನೇ ತಡೆಯುತ್ತವೆ. ಅಂಥವರಿಗೆ ಸಕ್ಕರೆ ನೀರು, ಬೆಲ್ಲ ಬೇಗ ಕೆಲಸ ಮಾಡಲ್ಲ. ಮೆಡಿಕಲ್ ಶಾಪಲ್ಲಿ ಸಿಗೋ ಗ್ಲೂಕೋಸ್ ಪುಡಿಯೇ ಬೇಕು. ಡಬ್ಬಿ ಮನೇಲಿರಲಿ, ಒಂದು ಪೊಟ್ಟಣ ಅಮ್ಮನ ವ್ಯಾನಿಟಿ ಬ್ಯಾಗಲ್ಲಿರಲಿ.

ಪ್ರಜ್ಞೆ ಇಲ್ಲದಿದ್ರೆ ಬಾಯಿಗೆ ಏನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ. ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಿ.

ಶುಗರ್ ಏರಿದ ಮೇಲೆ ಊಟ ಮಾಡಿಸಿ. ಊಟ ತಡ ಅಂದ್ರೆ ಇಡ್ಲಿ ಸಾಂಬಾರೋ, ಬಾಳೆಹಣ್ಣಿನ ಜೊತೆ ಒಂದು ಹಿಡಿ ಕಡಲೆಕಾಯಿಯೋ ಕೊಡಿ. ಇಲ್ಲಾಂದ್ರೆ ಮತ್ತೆ ಇಳಿಯುತ್ತೆ.

‘ಅಮ್ಮನ ಮೂರು ತಿಂಗಳ ಸರಾಸರಿ ಚೆನ್ನಾಗಿದೆ’ ಅಂತೀರಾ? ನಾನು ಬಿ.ಕಾಂ. ಓದಿದೋನು, ನನ್ನ ಭಾಷೇಲಿ ಹೇಳ್ತೀನಿ: ಸರಾಸರಿ ಬ್ಯಾಲೆನ್ಸ್ ಚೆನ್ನಾಗಿದ್ರೂ ಮಧ್ಯೆ ಒಂದು ದಿನ ಚೆಕ್ ಬೌನ್ಸ್ ಆಗಿರಬಹುದು. ರಾತ್ರಿ ಬೆವರಿ ಎದ್ದಿದ್ರಾ, ಬೆಳಗ್ಗೆ ತಲೆನೋವಿತ್ತಾ ಅಂತ ಕೇಳಿ. ಹೌದು ಅಂದ್ರೆ ಡಾಕ್ಟರಿಗೆ ತಿಳಿಸಿ, ಡೋಸ್ ಬದಲಿಸಬೇಕಾಗಬಹುದು.

ಈಗ ಎಪಿಸೋಡ್ ಪಾಸ್ ಮಾಡಿ, ಮನೆಗೆ ಫೋನ್ ಮಾಡಿ, ಸ್ಟ್ರಿಪ್‌ನ ಫೋಟೋ ವಾಟ್ಸಾಪಲ್ಲಿ ತರಿಸ್ಕೊಳ್ಳಿ. ಮುಂದಿನ ವಾರ ಸಿಗೋಣ.