ಸಗಣಿ ಹುಳುವಿನ ಕುಲ ಮತ್ತು ಕಸುಬು



ಬೇಣದಲ್ಲಿ ಮೇಯುವ ದನ ಸಗಣಿ ಹಾಕಿದೊಡನೆ ಹಾರಿಬರುವ ಕಪ್ಪು ದುಂಬಿಯನ್ನು ಕಾಣದವರಿಲ್ಲ. ಅದರ ವಂಶವನ್ನು ವಿಚಾರಿಸಿದವರು ವಿರಳ. ತೆಂಗಿನ ಸುಳಿಯನ್ನು ಕೊರೆಯುವ ಕುರುವಾಯಿಯೂ ಎಳವೆಯಲ್ಲಿ ಅಡಿಕೆಯ ಬೇರನ್ನು ತಿನ್ನುವ ದುಂಬಿಯೂ ಅದರ ದಾಯಾದಿಗಳೇ. ಮೂರೂ ಸ್ಕ್ಯಾರಬೇಯಿಡೇ ಎಂಬ ಒಂದೇ ಕುಟುಂಬಕ್ಕೆ ಸೇರಿವೆ. ಆದರೆ ದಾಯಾದಿಗಳ ಅಪರಾಧವನ್ನು ಸಗಣಿ ಹುಳುವಿನ ಮೇಲೆ ಹೊರಿಸಲಾಗದು. ಬೆಳೆದ ಸಗಣಿ ಹುಳುವಿನ ದವಡೆಯ ಅಂಚು ಪೊರೆಯಂತೆ ಮೃದು. ಅದು ಗಿಡವನ್ನು ಕಡಿಯಲಾರದು, ಸಗಣಿಯ ರಸದಲ್ಲಿರುವ ಸೂಕ್ಷ್ಮ ಕಣಗಳನ್ನು ಸೋಸಿ ಉಣ್ಣುತ್ತದೆ.

ಈ ಉಪಕುಟುಂಬದಲ್ಲಿ 6,000ಕ್ಕೂ ಮಿಕ್ಕಿದ ಪ್ರಭೇದಗಳಿವೆ. ಕಸುಬಿನಲ್ಲಿ ಮೂರು ಬಗೆ: ಸಗಣಿಯ ಅಡಿಯಲ್ಲೇ ಸುರಂಗ ತೋಡಿ ಅದನ್ನು ಮಣ್ಣಿಗಿಳಿಸುವವು, ಉಂಡೆ ಕಟ್ಟಿ ಹಿಂಗಾಲುಗಳಿಂದ ದೂರಕ್ಕೆ ಉರುಳಿಸುವವು, ಸಗಣಿಯೊಳಗೇ ಸಂಸಾರ ಹೂಡುವವು.

ಬಹುಕಾಲ ವಿದ್ವಾಂಸರು ಕಸುಬನ್ನೇ ಕುಲವೆಂದು ಎಣಿಸಿದ್ದರು. ಉರುಳಿಸುವವೆಲ್ಲ ಒಂದು ವಂಶ, ತೋಡುವವೆಲ್ಲ ಇನ್ನೊಂದು ಎಂಬುದು ಅವರ ವಿಂಗಡಣೆ. 2007ರಲ್ಲಿ ಮೊನಾಘನ್ ಮತ್ತು ಸಂಗಡಿಗರು ಇನ್ನೂರಕ್ಕೂ ಹೆಚ್ಚು ಪ್ರಭೇದಗಳ ಡಿಎನ್‌ಎಯನ್ನು ಹೋಲಿಸಿದಾಗ ಆ ಗೆರೆ ಅಳಿಸಿಹೋಯಿತು. ಮೂಲ ಪುರುಷರು ಸುರಂಗ ತೋಡುವವರು. ಉರುಳಿಸುವ ವಿದ್ಯೆ ಬೇರೆ ಬೇರೆ ಕವಲುಗಳಲ್ಲಿ ಬೇರೆ ಬೇರೆಯಾಗಿ ಮೂಡಿತು. ಸಗಣಿ ಬೇಗ ಒಣಗುತ್ತದೆ, ಅದಕ್ಕೆ ಮುತ್ತುವವರೂ ಬಹಳ. ಪಾಲನ್ನು ಬೇಗ ಬೇರೆಡೆ ಸಾಗಿಸಬೇಕೆಂಬ ಒಂದೇ ಒತ್ತಡ ಹಲವು ವಂಶಗಳಿಗೆ ಒಂದೇ ಉಪಾಯವನ್ನು ಕಲಿಸಿತು.

ಹಾಗಾದರೆ ಒಂದು ಕವಲು ಅಳಿದರೆ ಅದೇ ಕಸುಬಿನ ಇನ್ನೊಂದು ಅದರ ಸ್ಥಾನವನ್ನು ತುಂಬೀತೇ? ಆಸ್ಟ್ರೇಲಿಯಾದ ಅನುಭವ ಅಷ್ಟು ಭರವಸೆ ಕೊಡುವುದಿಲ್ಲ. 1788ರಲ್ಲಿ ಅಲ್ಲಿಗೆ ದನಗಳು ಬಂದವು. ಕಾಂಗರೂಗಳ ಒಣ ಹಿಕ್ಕೆಗೆ ಒಗ್ಗಿದ್ದ ಅಲ್ಲಿನ ಹುಳುಗಳಲ್ಲಿ ಹೆಚ್ಚಿನವು ಹಸಿ ಸಗಣಿಯನ್ನು ನಿಭಾಯಿಸಲಾರದೆ ಹೋದವು. ಸಗಣಿ ಹುಲ್ಲುಗಾವಲನ್ನು ಮುಚ್ಚಿತು, ನೊಣಗಳು ಮಿತಿಮೀರಿದವು. ಕೊನೆಗೆ ಬೋರ್ನೆಮಿಸ್ಸಾ ಎಂಬ ವಿಜ್ಞಾನಿಯ ಸೂಚನೆಯಂತೆ 1960ರ ದಶಕದ ಕೊನೆಯಿಂದ ಆಫ್ರಿಕ, ಯುರೋಪುಗಳ ಹುಳುಗಳನ್ನು ತರಿಸಿ ಬಿಡಬೇಕಾಯಿತು. ತಂದವುಗಳಲ್ಲೂ ನೆಲೆಯೂರಿದವು ಕೆಲವು ಮಾತ್ರ.

ನಮ್ಮ ಬೆಟ್ಟಗಳಲ್ಲಿ ಕಾಟಿ, ಆನೆ, ದನಗಳ ಸಗಣಿಗೆ ಒಗ್ಗಿದ ಹುಳುಗಳು ಇವೆ; ತರಿಸುವ ಪ್ರಮೇಯವಿಲ್ಲ, ಉಳಿಸಿದರೆ ಸಾಕು. ಜಂತುನಾಶಕವಾದ ಐವರ್‌ಮೆಕ್ಟಿನ್ ದನದ ಹೊಟ್ಟೆಯಿಂದ ಸಗಣಿಗಿಳಿದು ಮರಿಹುಳುಗಳನ್ನು ಕೊಲ್ಲುತ್ತದೆ. ಪಶುವೈದ್ಯರು ಹೇಳಿದಾಗ ಮಾತ್ರ ಅದನ್ನು ಕೊಡುವುದು, ಕೊಟ್ಟ ಬಳಿಕ ಕೆಲವು ದಿನ ದನವನ್ನು ಕೊಟ್ಟಿಗೆಯಲ್ಲೇ ಮೇಯಿಸುವುದು ಪ್ರತಿ ಮನೆಯಿಂದಲೂ ಆಗುವ ಕೆಲಸ. ಕೋಟಿಗಟ್ಟಲೆ ವರ್ಷಗಳಲ್ಲಿ ಕವಲೊಡೆದ ವಂಶವನ್ನು ಕಳೆದುಕೊಳ್ಳಲು ಕೆಲವೇ ಮಳೆಗಾಲಗಳು ಸಾಕು.