ಕಾರಿಗೆ ಮೊದಲು ಏನು ಹಾಕಿಸಬೇಕು?

ಘಾಟ್ಕೋಪರ್‌ನಿಂದ ಲಾಲ್ ಬಹಾದುರ್ ಶಾಸ್ತ್ರಿ ಮಾರ್ಗ ಹಿಡಿದು ಹೊರಟರೆ ಮುಂದಿನ ಊರು ಕುರ್ಲಾ. ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆ ಇದ್ದದ್ದು ಅಲ್ಲಿ. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ದಶಕಗಳ ಕಾಲ ದುಡಿದ ಪದ್ಮಿನಿ ಕಾರು ತಯಾರಾದದ್ದೂ ಅಲ್ಲಿಯೇ. 1089 ಸಿಸಿ ಎಂಜಿನ್, ಸುಮಾರು 40 ಅಶ್ವಶಕ್ತಿ, ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್. 2023ರ ಅಕ್ಟೋಬರ್‌ನಲ್ಲಿ ಪದ್ಮಿನಿ ಟ್ಯಾಕ್ಸಿಗಳು ನಮ್ಮ ರಸ್ತೆಗಳಿಂದ ನಿವೃತ್ತವಾದವು.

ಈಗ ಇನ್ನೊಂದು ಕಾರು ನೋಡಿ. 2013ರಲ್ಲಿ ಭಾರತಕ್ಕೆ ಬಂದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ. ಎಂಜಿನ್ 1197 ಸಿಸಿ, ಅಂದರೆ ಪದ್ಮಿನಿಗಿಂತ ಸ್ವಲ್ಪವೇ ದೊಡ್ಡದು. ಆದರೆ ಶಕ್ತಿ 105 ಅಶ್ವಶಕ್ತಿ, ಎರಡೂವರೆ ಪಟ್ಟಿಗಿಂತ ಹೆಚ್ಚು. 2021ರಲ್ಲಿ ಬಂದ ಹುಂಡೈ ಐ20 ಎನ್ ಲೈನ್ ಕೇವಲ ಒಂದು ಲೀಟರಿನ ಟರ್ಬೊ ಎಂಜಿನ್‌ನಿಂದ 120 ಅಶ್ವಶಕ್ತಿ ಕೊಡುತ್ತದೆ. ಕಾರುಗಳು ಇಷ್ಟು ಬದಲಾದವು. ಆದರೆ ಘಾಟ್ಕೋಪರ್‌ನಿಂದ ಕುರ್ಲಾಕ್ಕೆ ಹೋಗುವ ದಾರಿ ಅದೇ. ಅದೇ ಹಂಪು, ಅದೇ ಹೊಂಡ, ನಡುವೆ ನುಗ್ಗುವ ಅದೇ ರಿಕ್ಷಾ.

ಈ ಹಿನ್ನೆಲೆ ಹೇಳುವುದಕ್ಕೆ ಕಾರಣವಿದೆ. ನಮ್ಮ ಕನ್ನಡದ ಮನೆಗಳ ಎಷ್ಟೋ ಹುಡುಗ ಹುಡುಗಿಯರು ಕೆಲಸಕ್ಕೆ ಸೇರಿದ ಎರಡು ಮೂರು ವರ್ಷಗಳಲ್ಲಿ ಇಂಥದ್ದೊಂದು ಚುರುಕಾದ ಸಣ್ಣ ಕಾರನ್ನು, ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಆಗಿಯೇ, ಕೊಳ್ಳುತ್ತಾರೆ. ಪೋಲೊ ಮಾರಾಟ 2022ರಲ್ಲಿ ನಿಂತಿದ್ದರೂ ಹಳೆಯ ಕಾರುಗಳಿಗೆ ಇಂದಿಗೂ ಬೇಡಿಕೆಯಿದೆ. ಕಾರು ಬಂದ ಮೇಲೆ ಅವರ ಮೊದಲ ಪ್ರಶ್ನೆ, “ಇದರ ಪರ್ಫಾರ್ಮೆನ್ಸ್ ಹೆಚ್ಚಿಸಬೇಕು, ಮೊದಲು ಏನು ಮಾಡಿಸಲಿ?” ಕೈಯಲ್ಲಿ ಅರುವತ್ತು ಸಾವಿರ ರೂಪಾಯಿ ಇದೆ ಎಂದಿಟ್ಟುಕೊಳ್ಳಿ. ಸ್ನೇಹಿತನೊಬ್ಬ ಎಂಜಿನ್ ರೀಮ್ಯಾಪ್ ಮಾಡಿಸು ಎನ್ನುತ್ತಾನೆ. ಇನ್ನೊಬ್ಬ ಸೈಲೆನ್ಸರ್ ಬದಲಿಸು ಎನ್ನುತ್ತಾನೆ. ಅಂಗಡಿಯವನು ಹದಿನೇಳು ಇಂಚಿನ ಅಲಾಯ್ ವೀಲ್ ತೋರಿಸುತ್ತಾನೆ.

ನಾನು ಹೇಳುವುದು ಒಂದೇ ಮಾತು. ಕಾರು ಮೊದಲು ಚೆನ್ನಾಗಿ ನಿಲ್ಲಬೇಕು, ಆಮೇಲೆ ಚೆನ್ನಾಗಿ ತಿರುಗಬೇಕು, ಕೊನೆಯಲ್ಲಿ ಓಡಬೇಕು. ದುಡ್ಡನ್ನೂ ಇದೇ ಕ್ರಮದಲ್ಲಿ ಖರ್ಚು ಮಾಡಿ.

ಎಲ್ಲಕ್ಕಿಂತ ಮೊದಲನೆಯ ಕೆಲಸಕ್ಕೆ ಮಾಡಿಫಿಕೇಶನ್ ಎಂಬ ಹೆಸರೂ ಇಲ್ಲ. ಎಂಟು ಹತ್ತು ವರ್ಷ ಓಡಿದ ಕಾರು ಕಂಪನಿಯಿಂದ ಬಂದಾಗಿನ ಶಕ್ತಿಯನ್ನೇ ಪೂರ್ತಿ ಕೊಡುತ್ತಿರುವುದಿಲ್ಲ. ಸವೆದ ಸ್ಪಾರ್ಕ್ ಪ್ಲಗ್, ಧೂಳು ತುಂಬಿದ ಏರ್ ಫಿಲ್ಟರ್, ಕಾಲ ಮೀರಿದ ಎಂಜಿನ್ ಆಯಿಲ್, ಟರ್ಬೊ ಪೈಪಿನಲ್ಲಿ ಒಂದು ಸಣ್ಣ ಸೋರಿಕೆ ಇದ್ದರೆ ಪಿಕಪ್ ಕಡಿಮೆಯಾಗುತ್ತದೆ. ಇವನ್ನೆಲ್ಲ ಸರಿಪಡಿಸಿ ಓಡಿಸಿ ನೋಡಿ. ನಿಮಗೆ ಬೇಕೆನಿಸಿದ್ದ ಹೊಸ ಶಕ್ತಿಯಲ್ಲಿ ಒಂದಷ್ಟು ಪಾಲು ಹಳೆಯ ಕಾರಿನಲ್ಲೇ ಅಡಗಿತ್ತು ಎಂದು ತಿಳಿಯುತ್ತದೆ.

ಇನ್ನು ಟೈರಿಗೆ ಬರೋಣ. ಸಾವಿರ ಕಿಲೊಗಿಂತ ಹೆಚ್ಚು ತೂಗುವ ಕಾರು ನೆಲವನ್ನು ಮುಟ್ಟುವುದು ನಾಲ್ಕೇ ಜಾಗದಲ್ಲಿ. ಒಂದೊಂದೂ ನಿಮ್ಮ ಅಂಗೈಯಷ್ಟು ಅಗಲ. ಎಂಜಿನ್ ಎಳೆಯುವುದು, ಬ್ರೇಕ್ ಹಿಡಿಯುವುದು, ಸ್ಟೀರಿಂಗ್ ತಿರುಗಿಸುವುದು, ಎಲ್ಲವೂ ಈ ನಾಲ್ಕು ಅಂಗೈಗಳ ಮೂಲಕವೇ ಆಗಬೇಕು. ಕಾರಿನಲ್ಲಿ ಎಬಿಎಸ್ ಇದೆಯಲ್ಲ ಎಂದು ಕೇಳಬಹುದು. ಎಬಿಎಸ್ ಚಕ್ರ ಕಚ್ಚಿ ನಿಲ್ಲದಂತೆ ನೋಡಿಕೊಳ್ಳುತ್ತದೆಯೇ ಹೊರತು, ಟೈರಿನಲ್ಲಿ ಇಲ್ಲದ ಹಿಡಿತವನ್ನು ಹುಟ್ಟಿಸಲಾರದು.

ಒಂದು ಸಣ್ಣ ಲೆಕ್ಕ ನೋಡಿ. ಒಣ ರಸ್ತೆಯಲ್ಲಿ, ಒಳ್ಳೆಯ ಟೈರಿನ ಮೇಲೆ, ಗಂಟೆಗೆ 60 ಕಿಲೊಮೀಟರ್ ವೇಗದ ಕಾರು ಬ್ರೇಕ್ ಹಿಡಿದ ಮೇಲೆ ಸುಮಾರು 18 ಮೀಟರಿನಲ್ಲಿ ನಿಲ್ಲುತ್ತದೆ. ಮಳೆಯಲ್ಲಿ ಹಿಡಿತ ತಗ್ಗಿದರೆ ಅದೇ ದೂರ ಸುಮಾರು 28 ಮೀಟರ್ ಆಗುತ್ತದೆ. ವೇಗ 80 ಆದರೆ? ಮಳೆಯಲ್ಲಿ ಸುಮಾರು 50 ಮೀಟರ್. ವೇಗ ಮೂರನೇ ಒಂದು ಪಾಲು ಮಾತ್ರ ಹೆಚ್ಚಿತು, ನಿಲ್ಲುವ ದೂರ ಮುಕ್ಕಾಲು ಪಾಲಿಗಿಂತ ಹೆಚ್ಚು ಬೆಳೆಯಿತು. ಕಾಲು ಬ್ರೇಕಿನ ಮೇಲೆ ಹೋಗುವ ಮೊದಲಿನ ಒಂದು ಸೆಕೆಂಡಿನಲ್ಲೇ ಕಾರು ಇನ್ನೂ 22 ಮೀಟರ್ ಮುಂದೆ ಸಾಗಿರುತ್ತದೆ. ಛೇಡಾ ನಗರದ ಹತ್ತಿರ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಜುಲೈ ತಿಂಗಳ ಒಂದು ಸಂಜೆಯನ್ನು ನೆನೆಸಿಕೊಂಡು ಈ ಅಂಕಿಗಳನ್ನು ಇನ್ನೊಮ್ಮೆ ಕೇಳಿಕೊಳ್ಳಿ.

ಟೈರ್ ಕೊಳ್ಳುವಾಗ ಪಕ್ಕದ ಗೋಡೆಯ ಮೇಲಿನ ಬರಹವನ್ನು ಓದಿ. 195/55 ಆರ್16 ಎಂದಿದ್ದರೆ ಅಗಲ 195 ಮಿಲಿಮೀಟರ್, ಗೋಡೆಯ ಎತ್ತರ ಅಗಲದ ಶೇಕಡಾ 55, ರಿಮ್ 16 ಇಂಚು ಎಂದರ್ಥ. ಅದರ ಮುಂದೆ 87ವಿ ಎಂದಿದ್ದರೆ ಒಂದು ಟೈರ್ 545 ಕಿಲೊ ಭಾರ ಹೊರಬಲ್ಲದು, ಗಂಟೆಗೆ 240 ಕಿಲೊಮೀಟರ್ ವೇಗ ತಡೆಯಬಲ್ಲದು. ಇನ್ನೊಂದು ಕಡೆ ನಾಲ್ಕು ಅಂಕಿ ಇರುತ್ತದೆ. 3524 ಎಂದಿದ್ದರೆ 2024ರ 35ನೆಯ ವಾರದಲ್ಲಿ ತಯಾರಾದದ್ದು. ಅಂಗಡಿಯಲ್ಲಿ ಮೂರು ವರ್ಷ ಕೂತ ಟೈರನ್ನು ಹೊಸದೆಂದು ಒಪ್ಪಿಕೊಳ್ಳಬೇಡಿ. ಬಳಸಿದ ಟೈರಿನ ಗೀರುಗಳ ಆಳ 1.6 ಮಿಲಿಮೀಟರಿಗೆ ಇಳಿದರೆ ಅದರ ಕಾಲ ಮುಗಿಯಿತು. ಮುಂಬಯಿ ಮಳೆಗೆ ಅದಕ್ಕೂ ಮೊದಲೇ ಬದಲಿಸುವುದು ಜಾಣತನ.

ಅಳತೆ ಬದಲಿಸುವುದಾದರೆ, ನಿಮ್ಮದೇ ಕಾರಿನ ಮೇಲಿನ ಮಾಡೆಲ್‌ಗೆ ಕಂಪನಿ ಕೊಟ್ಟ ಅಳತೆಗಿಂತ ಆಚೆ ಹೋಗಬೇಡಿ. ಪೋಲೊ ಜಿಟಿಗೆ ಮೊದಮೊದಲು 185/60 ಆರ್15 ಬರುತ್ತಿತ್ತು, ಆಮೇಲೆ ಕಂಪನಿಯೇ 195/55 ಆರ್16 ಕೊಟ್ಟಿತು. ಹದಿನೇಳು ಇಂಚಿನ ರಿಮ್ ನೋಡಲು ಚೆಂದ ನಿಜ. ಆದರೆ ಚಕ್ರ ಭಾರವಾದಷ್ಟೂ ಪಿಕಪ್ ಮಂದವಾಗುತ್ತದೆ. ಟೈರಿನ ಗೋಡೆ ತೆಳುವಾದಷ್ಟೂ ಹೊಂಡದ ಏಟು ನೇರವಾಗಿ ರಿಮ್ಮಿಗೆ ಬೀಳುತ್ತದೆ. ಅಂಧೇರಿ-ಘಾಟ್ಕೋಪರ್ ಲಿಂಕ್ ರಸ್ತೆಯಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ರಿಮ್ ಡೊಂಕಾಗಿರಬಹುದು.

ಎರಡನೆಯದು ಬ್ರೇಕ್. ದೊಡ್ಡ ಡಿಸ್ಕ್, ಕೆಂಪು ಬಣ್ಣದ ಕ್ಯಾಲಿಪರ್ ಎಂದು ಓಡಬೇಕಾಗಿಲ್ಲ. ಒಳ್ಳೆಯ ಬ್ರೇಕ್ ಪ್ಯಾಡ್ ಮತ್ತು ಹೊಸ ಬ್ರೇಕ್ ಆಯಿಲ್ ಸಾಕು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಟ್ಟ 155 ಡಿಗ್ರಿಗೆ ಇಳಿಯಬಹುದು. ದೀಪಾವಳಿಗೋ ಗಣೇಶ ಹಬ್ಬಕ್ಕೋ ಊರಿಗೆ ಹೊರಟಿರಿ ಎನ್ನಿ. ಕಾರಿನ ತುಂಬ ಜನ, ಡಿಕ್ಕಿ ತುಂಬ ಸಾಮಾನು. ಖಂಡಾಲಾ ಘಾಟಿ, ಆಂಬೋಲಿ ಘಾಟಿ, ಇಲ್ಲವೇ ಆಗುಂಬೆಯ 14 ತಿರುವುಗಳನ್ನು ಬ್ರೇಕ್ ಒತ್ತುತ್ತಲೇ ಇಳಿದರೆ ಆಯಿಲ್ ಕುದಿದು ಗುಳ್ಳೆಗಳೇಳುತ್ತವೆ, ಪೆಡಲ್ ನೆಲಕ್ಕೆ ಇಳಿಯುತ್ತದೆ. ಸಮುದ್ರದ ಪಕ್ಕ ತೇವದ ಗಾಳಿಯಲ್ಲಿ ಬದುಕುವ ನಮಗೆ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದು ಕಡ್ಡಾಯ ಎಂದೇ ತಿಳಿಯಿರಿ. ಘಾಟಿ ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ಹಳೆಯ ಲಾರಿ ಚಾಲಕರ ಮಾತು ಆಟೊಮ್ಯಾಟಿಕ್ ಕಾರಿಗೂ ಸಲ್ಲುತ್ತದೆ. ಗೇರನ್ನು ಮ್ಯಾನ್ಯುಅಲ್‌ಗೆ ತಂದು ಕೆಳಗಿನ ಗೇರಿನಲ್ಲಿ ಇಳಿಯಿರಿ.

ಮೂರನೆಯದು ಶಾಕ್ ಅಬ್ಸಾರ್ಬರ್. ಹೊಂಡ ದಾಟಿದ ಮೇಲೆ ಕಾರು ಎರಡು ಮೂರು ಸಲ ಕುಣಿಯುತ್ತಿದ್ದರೆ ಅವು ದಣಿದಿವೆ. ಹೊಸದು ಹಾಕಿಸಿ, ರಬ್ಬರ್ ಬುಶ್‌ಗಳನ್ನು ನೋಡಿಸಿ, ಅಲೈನ್‌ಮೆಂಟ್ ಮಾಡಿಸಿ. ತಿರುವಿನಲ್ಲಿ ಕಾರು ಹೇಳಿದಂತೆ ಕೇಳುತ್ತದೆ. ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸುವ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ. ಕತ್ತರಿಸಿದ ಸ್ಪ್ರಿಂಗ್ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂರುವುದಿಲ್ಲ. ಪಂತ್ ನಗರದ ಒಂದು ಹಂಪಿಗೇ ಹೊಟ್ಟೆ ನೆಲಕ್ಕೆ ತಾಗುತ್ತದೆ.

ಈಗ ಎಂಜಿನ್ನಿನ ವಿಷಯ. ಮೊದಲು ಏರ್ ಫಿಲ್ಟರ್. ಕಂಪನಿಯ ಡಬ್ಬಿಯೊಳಗೇ ಕೂರುವ ತೊಳೆದು ಬಳಸುವ ಫಿಲ್ಟರ್ ದೊಡ್ಡ ಲಾಭ ಕೊಡದು, ಹಾನಿಯೂ ಕಡಿಮೆ. ಅದಕ್ಕೆ ಎಣ್ಣೆ ಹೆಚ್ಚಾಗಿ ಹಚ್ಚಿದರೆ ಮಾತ್ರ ಗಾಳಿ ಅಳೆಯುವ ಸೆನ್ಸರ್ ಕೆಡಬಹುದು. ಬಂಪರಿನ ಕೆಳಗಿನಿಂದ ಗಾಳಿ ಎಳೆಯುವ ಉದ್ದನೆಯ ಪೈಪು ನಮ್ಮ ಊರಿಗೆ ಅಪಾಯಕಾರಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದು ನಿಮಗೆ ಗೊತ್ತೇ ಇದೆ. ಅಷ್ಟು ಬೇಡ, ಮೊಣಕಾಲುದ್ದ ನೀರು ಸಾಕು. ಪೈಪಿನ ಬಾಯಿ ನೀರಿಗೆ ಸಿಕ್ಕರೆ ಎಂಜಿನ್ ಗಾಳಿಯ ಬದಲು ನೀರು ಕುಡಿಯುತ್ತದೆ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ನೇ ಹೋಗುತ್ತದೆ.

ರೀಮ್ಯಾಪ್ ಎಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಲೆಕ್ಕಗಳನ್ನು ಬದಲಿಸುವುದು. ಟರ್ಬೊ ಇಲ್ಲದ ಎಂಜಿನ್ನಿಗೆ ಇದರಿಂದ ಸಿಗುವುದು ತೀರಾ ಕಡಿಮೆ. ಟರ್ಬೊ ಎಂಜಿನ್ನಿನಲ್ಲಿ ಗಾಳಿಯ ಒತ್ತಡ ಹೆಚ್ಚಿಸಿ ಶೇಕಡಾ 20ರಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಶಕ್ತಿ ಪಡೆಯಬಹುದು. ಆದರೆ ಆ ಭಾರ ಹೊರಬೇಕಾದವರು ಕ್ಲಚ್ ಮತ್ತು ಗೇರ್‌ಬಾಕ್ಸ್. ಪೋಲೊ ಜಿಟಿ ಟಿಎಸ್‌ಐನ ಏಳು ಗೇರಿನ ಡಿಎಸ್‌ಜಿ ಪೆಟ್ಟಿಗೆ 250 ನ್ಯೂಟನ್ ಮೀಟರ್ ಟಾರ್ಕ್‌ವರೆಗಿನದು. ಕಂಪನಿ ಎಂಜಿನ್ನಿನಿಂದ ತೆಗೆದದ್ದು 175. ನಡುವಿನ ಅಂತರ ದಾರಾಳವಾಗಿ ಖರ್ಚು ಮಾಡಲು ಇಟ್ಟದ್ದಲ್ಲ. ನಮ್ಮ ಬಿಸಿಲು, ತೆವಳುವ ಟ್ರಾಫಿಕ್, ಒಂದೊಂದು ಪಂಪಿನ ಒಂದೊಂದು ಬಗೆಯ ಪೆಟ್ರೋಲ್, ಇವನ್ನೆಲ್ಲ ತಾಳಿಕೊಳ್ಳಲಿ ಎಂದು ಉಳಿಸಿದ ತಾಕತ್ತು ಅದು. ಕಾರು ವಾರಂಟಿಯಲ್ಲಿದ್ದರೆ ರೀಮ್ಯಾಪ್ ಮಾಡಿಸಿದ ದಿನವೇ ಎಂಜಿನ್ನಿನ ವಾರಂಟಿಯ ಆಸೆ ಬಿಡಬೇಕಾಗುತ್ತದೆ.

ಸೈಲೆನ್ಸರಿನ ಕತೆ ಇನ್ನೂ ಸರಳ. ದುಡ್ಡು ಕೊಟ್ಟು ಹೆಚ್ಚಾಗಿ ಕೊಳ್ಳುವುದು ಸದ್ದನ್ನೇ. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಿದರಂತೂ ಹೊಗೆ ಕೆಡುತ್ತದೆ, ಕಾನೂನೂ ಮುರಿಯುತ್ತದೆ.

ಕಾನೂನು ಎಂದೆ. ಇದನ್ನು ಗಮನವಿಟ್ಟು ಕೇಳಿ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ಆರ್‌ಸಿಯಲ್ಲಿನ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ, ಅನುಮತಿ ಇಲ್ಲದ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡನ್ನೂ ವಿಧಿಸಬಹುದು. ಸದ್ದು ಮತ್ತು ಹೊಗೆಯ ಮಿತಿ ಮೀರಿದರೆ ಮೊದಲ ಸಲವೇ 10,000 ರೂಪಾಯಿವರೆಗೆ ದಂಡವಾಗಬಹುದು.

ದಂಡಕ್ಕಿಂತ ದೊಡ್ಡ ಪೆಟ್ಟು ವಿಮೆಯದು. ತಿಳಿಸದೆ ಎಂಜಿನ್ ಬದಲಾವಣೆ ಮಾಡಿಸಿದ ಕಾರಿಗೆ ಅಪಘಾತವಾದರೆ, ಕಾರಿನ ನಷ್ಟ ತುಂಬಿಕೊಡಲು ವಿಮಾ ಕಂಪನಿ ನಿರಾಕರಿಸಬಹುದು. ಬ್ಯಾಂಕಿನ ಕಂತು ಮಾತ್ರ ತಿಂಗಳು ತಿಂಗಳು ನಡೆಯುತ್ತಲೇ ಇರುತ್ತದೆ. ನಾನು ಹೇಳಿದ ಮೊದಲ ಮೂರು ಕೆಲಸಗಳನ್ನು ಕಂಪನಿ ಒಪ್ಪಿದ ಅಳತೆಯಲ್ಲಿ ಮಾಡಿಸಿದರೆ ಈ ಭಯ ಇರುವುದಿಲ್ಲ. ಅದಕ್ಕೂ ಮೀರಿದ ಏನನ್ನೇ ಮಾಡಿಸುವ ಮೊದಲು ಆರ್‌ಟಿಒದಲ್ಲಿ ಕೇಳಿ, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ.

ಹಾಗಾದರೆ ಅರುವತ್ತು ಸಾವಿರದ ಲೆಕ್ಕ ಹೀಗಾಗಬಹುದು. ಪೂರ್ತಿ ಸರ್ವಿಸಿಗೆ ಸುಮಾರು 10,000. ನಾಲ್ಕು ಒಳ್ಳೆಯ ಟೈರಿಗೆ 30,000ದಿಂದ 40,000. ಬ್ರೇಕ್ ಪ್ಯಾಡ್, ಆಯಿಲ್, ಅಲೈನ್‌ಮೆಂಟ್ ಸೇರಿ 8,000ದಿಂದ 10,000. ಶಾಕ್ ಅಬ್ಸಾರ್ಬರ್ ಹೋಗಿದ್ದರೆ ಮುಂದಿನ ಬೋನಸ್ಸಿಗೆ ಕಾಯಿರಿ. ಆ ತನಕ ಕಾರನ್ನು ಅರಿತುಕೊಳ್ಳಿ.

ವೇಗದ ಹಂಬಲ ತಪ್ಪಲ್ಲ. ಅದಕ್ಕೆ ಜಾಗ ಬೇರೆ ಇದೆ. ಕೊಯಮತ್ತೂರಿನ ಕರಿ ಟ್ರ್ಯಾಕ್ ಇದೆ, ಚೆನ್ನೈ ಹತ್ತಿರ ಇರುಂಗಾಟುಕೋಟೈ ಟ್ರ್ಯಾಕ್ ಇದೆ. 2010ರಲ್ಲಿ ಭಾರತದಲ್ಲಿ ಪೋಲೊ ಕಪ್ ರೇಸ್ ಶುರುವಾದಾಗ ಎಲ್ಲ ಸ್ಪರ್ಧಿಗಳಿಗೂ ಕೊಟ್ಟದ್ದು ಒಂದೇ ಬಗೆಯ ಕಾರು. ಆದರೂ ಒಬ್ಬರು ಮುಂದೆ ಬಂದರು, ಒಬ್ಬರು ಹಿಂದೆ ಉಳಿದರು. ವ್ಯತ್ಯಾಸ ಇದ್ದದ್ದು ಸ್ಟೀರಿಂಗ್ ಹಿಡಿದ ಕೈಯಲ್ಲಿ.

ಹೆತ್ತವರಿಗೂ ಒಂದು ಮಾತು. ಮಗನೋ ಮಗಳೋ ಕಾರಿಗೆ ಏನೋ ಮಾಡಿಸಬೇಕು ಎಂದಾಗ ದುಂದುಗಾರಿಕೆ ಎಂದು ಒಂದೇ ಮಾತಿಗೆ ಬಾಯಿ ಮುಚ್ಚಿಸಬೇಡಿ. ಟೈರ್ ಯಾವ ವರ್ಷದ್ದು, ಬ್ರೇಕ್ ಆಯಿಲ್ ಬದಲಿಸಿ ಎಷ್ಟು ದಿನವಾಯಿತು ಎಂದು ಕೇಳಿ. ಈ ಎರಡು ಪ್ರಶ್ನೆಗೆ ಉತ್ತರ ಗೊತ್ತಿದ್ದವರ ಪಕ್ಕದ ಸೀಟಿನಲ್ಲಿ ನೀವು ನಿಶ್ಚಿಂತೆಯಿಂದ ಊರಿಗೆ ಹೊರಡಬಹುದು.